ಹಿತ್ತಲಿನ ಸೀಬೆಹಣ್ಣಿನ ಹುಳ ಔಷಧಿ ಹೊಡೆದರೂ ಏಕೆ ಹೋಗುವುದಿಲ್ಲ?

ಹುಳ ಇರುವುದು ಹಣ್ಣಿನ ಒಳಗೆ, ಔಷಧಿ ಬೀಳುವುದು ಸಿಪ್ಪೆಯ ಮೇಲೆ, ಅದಕ್ಕೇ. ಕಾಯಿ ಬಲಿಯುವಾಗ ಹಣ್ಣುನೊಣ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಮರಿಹುಳ ತಿರುಳು ತಿಂದು, ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಮೇಲೇಳುತ್ತದೆ. ಹಾಗಾಗಿ ಉದುರಿದ್ದನ್ನು ದಿನವೂ ಆಯ್ದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಸಿಲಿಗಿಡಿ. ತಿಪ್ಪೆಗೆ ಎಸೆದರೆ ನೊಣ ಸಾಕಿದಂತೆ.

ನೊಣ ಚುಚ್ಚದಂತೆ, ಮರದಲ್ಲಿರುವ ಕಾಯಿ ನಿಂಬೆ ಗಾತ್ರಕ್ಕೆ ಬಂದಾಗಲೇ ಅದಕ್ಕೆ ಚೀಲ ಕಟ್ಟಿ. ಬಣ್ಣ ತಿರುಗಿದ ಮೇಲೆ ಕಟ್ಟಿದರೆ ಮೊಟ್ಟೆಯನ್ನೂ ಸೇರಿಸಿ ಕಟ್ಟಿದ ಹಾಗೆ. ಮೈಸೂರಿನಲ್ಲಿ ಇದು ಮಳೆಗಾಲದ ಬೆಳೆಗೇ ಹೆಚ್ಚು ಬೇಕು. ಕಾಗದದ ಚೀಲ ನೆನೆದು ಹರಿಯುವುದರಿಂದ ತೆಳುಬಟ್ಟೆಯದೇ ವಾಸಿ. ನೊಣ ಹಿಡಿಯಲು ಇಡುವ ಮಿಥೈಲ್ ಯುಜಿನಾಲ್ (ವಾಸನೆಯಿಂದ ಸೆಳೆಯುವ ರಾಸಾಯನಿಕ) ಬಲೆ ಗಂಡುನೊಣಗಳನ್ನಷ್ಟೇ ಸೆಳೆಯುತ್ತದೆ. ಅಕ್ಕಪಕ್ಕದ ಹಿತ್ತಲಿಂದ ಹೆಣ್ಣುನೊಣ ಬಂದೇ ಬರುತ್ತದೆ, ಹಾಗಾಗಿ ಬಲೆಯೊಂದನ್ನೇ ನಂಬಬೇಡಿ.