ಅರಿಶಿನದ ಕ್ಯಾಪ್ಸೂಲ್ ಇದ್ದರೆ ಕೀಮೋ ಬಿಡಬಹುದಾ?

ಪ್ರಶ್ನೆ: ನಮ್ಮ ಅವ್ವನಿಗೆ ಹೊಟ್ಟೆಯ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಕೀಮೋ ನಡೆದಿದೆ, ಬಹಳ ಸುಸ್ತಾಗಿದ್ದಾಳೆ. ಕಾಕಾ ಅರಿಶಿನದ ಕ್ಯಾಪ್ಸೂಲ್ ತಂದಿದ್ದಾರೆ, ಲಕ್ಷ್ಮಣಫಲದ ಎಲೆ ಕಷಾಯವನ್ನೂ ಕೊಡು ಅಂತಾರೆ. ಇವುಗಳಿಂದ ಕ್ಯಾನ್ಸರ್ ಕಣ ಸಾಯುತ್ತವಂತೆ. ಕೀಮೋ ಬಿಟ್ಟು ಇವನ್ನೇ ಕೊಡಲಾ?
— ಓದುಗರು, ಗದಗ

ಉತ್ತರ: ಕೀಮೋ ಬಿಡಬೇಡಿ.

ಕಾಕಾ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣಗಳು ಅರಿಶಿನದ ಕರ್ಕ್ಯುಮಿನ್‌ಗೆ ಸಾಯುತ್ತವೆ. ಆದರೆ ನುಂಗಿದ್ದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸೇರಿದ ಚೂರುಪಾರನ್ನೂ ಲಿವರ್ ಬೇಗ ಹೊರಗೆ ಹಾಕುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಜಾಸ್ತಿಯಾಯಿತು. ಅದಕ್ಕೇ ಈಗಿನ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುತ್ತದೆ, ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ. ತೊಡಕು ಇರುವುದೂ ಇಲ್ಲೇ. ಔಷಧ ಹೊರಹಾಕುವ ಲಿವರಿನ ಕೆಲಸವನ್ನೇ ಪೈಪರಿನ್ ನಿಧಾನ ಮಾಡುತ್ತದೆ, ಹಾಗಾಗಿ ಕೀಮೋ ಔಷಧವೂ ಮೈಯಲ್ಲಿ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು. ಇರುವ ಸುಸ್ತೇ ಸಾಕಲ್ವಾ?

ಗಿಡದ ಔಷಧ ಬೇಕು ಅಂತಲೇ ಇದ್ದರೆ ಡಾಕ್ಟರನ್ನು ಕೇಳಿ, ಅವ್ವನ ಸಲೈನ್ ಬಾಟಲಿಯಲ್ಲೇ ಅದು ಇದ್ದರೂ ಇರಬಹುದು! ಹೊಟ್ಟೆ ಕ್ಯಾನ್ಸರ್‌ಗೆ ಕೊಡುವ ಡೋಸಿಟ್ಯಾಕ್ಸೆಲ್ ತಯಾರಾಗುವುದು ಯೂ ಅನ್ನೋ ಮರದ ಸೂಜಿಯಂಥ ಎಲೆಗಳ ಸತ್ವದಿಂದ. ಈ ಕಾಯಿಲೆಗೆ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ, ಅದೂ ರೋಗಿಗಳ ಮೇಲೆ ಪರೀಕ್ಷೆ ಮಾಡಿ ಪ್ರಮಾಣ ಗೊತ್ತುಮಾಡಿದ ಮೇಲೆ. ಕಾಕಾನ ಕಷಾಯದಲ್ಲಿ ಎಷ್ಟು ಸತ್ವ ಇದೆ ಅಂತ ಯಾರು ಅಳೆಯಬೇಕು? ಲಕ್ಷ್ಮಣಫಲದಲ್ಲಿ ಅನೋನಾಸಿನ್ ಅನ್ನೋ ಅಂಶ ಬೇರೆ ಇದೆ, ಅದು ನರಗಳಿಗೆ ಒಳ್ಳೆಯದಲ್ಲ. ಕೀಮೋದಿಂದಲೇ ಎಷ್ಟೋ ಜನರಿಗೆ ಕೈಕಾಲು ಜೋಮು ಹಿಡಿದಿರುತ್ತದೆ. ಕಷಾಯ ಬೇಡವೇ ಬೇಡ.

ಸಾರು ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ. ಕ್ಯಾಪ್ಸೂಲ್ ಡಬ್ಬಿಯನ್ನು ಮುಂದಿನ ಸಲ ಡಾಕ್ಟರ ಮುಂದೆ ಇಡಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಸುಸ್ತಿನ ಬಗ್ಗೆಯೂ ಬಿಡಿಸಿ ಹೇಳಿ. ಔಷಧದ ಪ್ರಮಾಣ ಇಳಿಸಲು, ಎರಡು ಕೀಮೋ ನಡುವಿನ ದಿನ ಹೆಚ್ಚಿಸಲು, ವಾಂತಿಗೆ ಬೇರೆ ಮಾತ್ರೆ ಬರೆಯಲು ಅವರಿಗೆ ದಾರಿಗಳಿವೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಟ್ಟೆ ಕ್ಯಾನ್ಸರ್‌ಗೆ ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಒಂದೇ ಮನೆಯವರಲ್ಲಿ ಹರಡುತ್ತದೆ. ನೀವೂ ನಿಮ್ಮ ಒಡಹುಟ್ಟಿದವರೂ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿಕೊಳ್ಳಿ. ಇದ್ದರೆ ಸುಮಾರು ಎರಡು ವಾರದ ಮಾತ್ರೆ, ಅಷ್ಟೇ.