ವೈರಸ್ ಕಾಣ್ತಿಲ್ಲ ಅಂದ್ರೆ ಮಾತ್ರೆ ಬಿಡಬಹುದಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಎಚ್‌ಐವಿ ಗೊತ್ತಾಗಿ ಮೂರು ವರ್ಷ. ಅದಕ್ಕೆ ರಾತ್ರಿ ಊಟ ಆಗಿ ಒಂದು ಟಿಎಲ್‌ಡಿ (ಮೂರು ಔಷಧಿ ಸೇರಿದ) ಮಾತ್ರೆ ತಗೊಳ್ಳುತ್ತೇನೆ. ಈ ಸಲ ವೈರಲ್ ಲೋಡ್ ಟೆಸ್ಟ್‌ನಲ್ಲಿ ವೈರಸ್ ಕಾಣಲಿಲ್ಲವಂತೆ. ಇನ್ನು ಮಾತ್ರೆ ಬಿಡಬಹುದಾ? ರಕ್ತ ಕಮ್ಮಿ ಅಂತ ಐರನ್ ಮಾತ್ರೆ ಕೊಟ್ಟಿದ್ದಾರೆ, ಗ್ಯಾಸ್‌ಗೆ ಸಿರಪ್ ಬೇರೆ ಕುಡಿಯುತ್ತೇನೆ. ಎಲ್ಲ ಒಟ್ಟಿಗೆ ನಡೆಯುತ್ತಾ?

ಉತ್ತರ: ಬಿಡಬೇಡಿ. ರಿಪೋರ್ಟ್ ಚೆನ್ನಾಗಿ ಬಂದಿರುವುದೇ ಆ ಮಾತ್ರೆಯಿಂದ. ತೋಟದವರಿಗೆ ಕಾಂಡಕೊರಕದ ಬಗ್ಗೆ ನಾನು ಹೇಳಬೇಕಾ? ಗಿಡ ಮೇಲೆ ಹಸಿರಾಗೇ ಇರುತ್ತದೆ, ಹುಳ ಒಳಗೆ ಕೂತಿರುತ್ತದೆ. ಈ ವೈರಸ್ಸೂ ಹಾಗೇ, ಸಿಡಿ4 ಅನ್ನುವ ಬಿಳಿ ರಕ್ತಕಣಗಳ ಒಳಗೆ ಹೊಕ್ಕು ಸುಮ್ನೆ ಮಲಗಿರುತ್ತದೆ. ಮಲಗಿರುವುದನ್ನು ಮಾತ್ರೆ ಕೊಲ್ಲುವುದಿಲ್ಲ, ಎದ್ದು ಹೆಚ್ಚಾಗದ ಹಾಗೆ ತಡೆಯುತ್ತದೆ ಅಷ್ಟೆ. ಬಿಟ್ಟರೆ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ವೈರಸ್ ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಸಿಡಿ4 ಲೆಕ್ಕ ನೋಡಿಕೊಂಡು ಮಧ್ಯೆ ಮಧ್ಯೆ ಮಾತ್ರೆ ನಿಲ್ಲಿಸಿದರೆ ಹೇಗೆ ಅಂತ ಸ್ಮಾರ್ಟ್ ಅನ್ನುವ ದೊಡ್ಡ ಅಧ್ಯಯನವೇ ನಡೆದಿತ್ತು. 2006ರಲ್ಲಿ ಫಲಿತಾಂಶ ಬಂತು: ನಿಲ್ಲಿಸಿದವರಲ್ಲಿ ಕಾಯಿಲೆಯೂ ಜಾಸ್ತಿ, ಸಾವೂ ಜಾಸ್ತಿ. ಜೊತೆಗೆ ಹೆಪಟೈಟಿಸ್ ಬಿ ಇದ್ದರಂತೂ ಲಿವರ್ ದಿಢೀರನೆ ಕೆಡಬಹುದು, ಯಾಕಂದರೆ ಟಿಎಲ್‌ಡಿಯಲ್ಲಿರುವ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತವೆ.

ನಿಮ್ಮ ಎರಡನೇ ಪ್ರಶ್ನೆ ತುಂಬಾ ಜನ ಕೇಳುವುದೇ ಇಲ್ಲ. ಟಿಎಲ್‌ಡಿಯ ಮೂರನೇ ಔಷಧಿ ಡೊಲುಟೆಗ್ರಾವಿರ್. ಐರನ್, ಕ್ಯಾಲ್ಸಿಯಂ, ಗ್ಯಾಸ್ ಸಿರಪ್‌ನ ಅಲ್ಯೂಮಿನಿಯಂ, ಮೆಗ್ನೀಸಿಯಂ ಇವೆಲ್ಲ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು, ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಐರನ್ ಮಾತ್ರೆಯನ್ನು ಊಟದ ಜೊತೆಗಾದರೆ ಟಿಎಲ್‌ಡಿ ಸಂಗಡವೇ ತಗೊಳ್ಳಬಹುದು, ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಸೇರಿಸಬೇಡಿ. ಬೆಳಗ್ಗೆ ತಿಂಡಿ ಜೊತೆ ಐರನ್, ರಾತ್ರಿ ಟಿಎಲ್‌ಡಿ ಅಂತ ಇಟ್ಟುಕೊಂಡರೆ ತಲೆಬಿಸಿಯೇ ಇಲ್ಲ. ಸಿರಪ್‌ಗೆ ಮಾತ್ರ ಊಟದ ನೆಪ ನಡೆಯುವುದಿಲ್ಲ. ಅದನ್ನು ಕುಡಿಯುವುದಕ್ಕೆ ಎರಡು ಗಂಟೆ ಮೊದಲು ಟಿಎಲ್‌ಡಿ ನುಂಗಿರಬೇಕು, ಇಲ್ಲವೇ ಕುಡಿದು ಆರು ಗಂಟೆ ಕಾಯಬೇಕು. ಮತ್ತೆ, ರಕ್ತ ಯಾಕೆ ಕಮ್ಮಿಯಾಯಿತು ಅಂತಲೂ ಡಾಕ್ಟರನ್ನು ಕೇಳಿ. ಹಿಂದೆ ಜಾಸ್ತಿ ಕೊಡುತ್ತಿದ್ದ ಜಿಡೊವುಡಿನ್ ರಕ್ತ ಇಳಿಸುತ್ತಿತ್ತು, ಆದರೆ ಅದು ಟಿಎಲ್‌ಡಿಯಲ್ಲಿ ಇಲ್ಲ.

ಒಂದು ದಿನ ಮರೆತರೆ ನೆನಪಾದ ಕೂಡಲೇ ತಗೊಳ್ಳಿ, ಮಾರನೇ ದಿನ ಎರಡು ನುಂಗಬೇಡಿ. ಕಿಡ್ನಿಯ ಕ್ರಿಯೇಟಿನಿನ್ ಟೆಸ್ಟ್ ತಪ್ಪಿಸಬೇಡಿ, ಟೆನೊಫೊವಿರ್ ಇರುವುದರಿಂದ ಅದು ಬೇಕು. ಇನ್ನು ಯಾರಾದರೂ ನೋಡಿಯಾರು ಅಂತ ಮಾತ್ರೆಯನ್ನು ಪೇಪರ್‌ನಲ್ಲಿ ಸುತ್ತಿ ಜೇಬಲ್ಲಿ ಇಟ್ಟುಕೊಳ್ಳುವವರಿದ್ದಾರೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಅದು ಕೆಟ್ಟೇ ಹೋಗುತ್ತದೆ. ಬೇಕಿದ್ದರೆ ಡಬ್ಬಿಯ ಲೇಬಲ್ ಕಿತ್ತುಹಾಕಿ, ಮಾತ್ರೆ ಮಾತ್ರ ಅದೇ ಡಬ್ಬಿಯಲ್ಲಿರಲಿ.