ಬೇವಿನೆಣ್ಣೆ ಸಿಂಪಡಿಸಿದರೂ ಕೋಸಿನ ಹುಳು ಸಾಯದಿದ್ದರೆ

ಪ್ರಶ್ನೆ: ಕೈತೋಟದ ಎಲೆಕೋಸನ್ನು ಹಸಿರು ಹುಳುಗಳು ತೂತು ತೂತು ಮಾಡಿವೆ, ಟೊಮೆಟೊ ಕಾಯಿಗಳನ್ನೂ ಹುಳು ಕೊರೆದಿದೆ. ಬೇವಿನೆಣ್ಣೆ ಸಿಂಪಡಿಸಿದರೂ ದೊಡ್ಡ ಹುಳುಗಳು ಸಾಯುತ್ತಿಲ್ಲ. ರಾಸಾಯನಿಕವಿಲ್ಲದೆ ಇವುಗಳನ್ನು ಹತೋಟಿಗೆ ತರುವುದು ಹೇಗೆ?

ಉತ್ತರ: ಬೇವಿನೆಣ್ಣೆ ಹುಳುವನ್ನು ತಕ್ಷಣ ಕೊಲ್ಲುವ ವಿಷವಲ್ಲ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳು ಎಲೆ ತಿನ್ನುವುದನ್ನು ತಗ್ಗಿಸಿ, ಪೊರೆ ಕಳಚಿ ಬೆಳೆಯುವುದಕ್ಕೆ ಅಡ್ಡಿಯಾಗುತ್ತದೆ. ಹೀಗಾಗಿ ಎಳೆಯ ಮರಿಗಳ ಮೇಲೆ ತೋರುವ ಪರಿಣಾಮವನ್ನು ಅದು ಬಲಿತ ಹುಳುಗಳ ಮೇಲೆ ತೋರುವುದಿಲ್ಲ. ಈಗಿರುವ ದೊಡ್ಡ ಹುಳುಗಳನ್ನು ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿ. ಕೈತೋಟದ ಮಟ್ಟಿಗೆ ಇದಕ್ಕಿಂತ ಖಚಿತವಾದ ಉಪಾಯವಿಲ್ಲವೆಂದೇ ನನ್ನ ಅಭಿಪ್ರಾಯ. ಹಸಿ ಹಿಕ್ಕೆ ಕಂಡರೂ ಹುಳು ಕಾಣದಿದ್ದರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಬೇಕು, ಏಕೆಂದರೆ ಕೆಲವು ಜಾತಿಯ ಹುಳುಗಳು ಹಗಲು ಮಣ್ಣಿನಲ್ಲಿ ಅಡಗಿದ್ದು ರಾತ್ರಿ ಮೇಯುತ್ತವೆ. ಆದರೆ ಮೈಮೇಲೆ ಅಥವಾ ಪಕ್ಕದಲ್ಲಿ ಅಕ್ಕಿಕಾಳಿನಂಥ ಬಿಳಿ, ಹಳದಿ ಗೂಡುಗಳಿರುವ ಹುಳುವನ್ನು ದಯವಿಟ್ಟು ಮುಟ್ಟಬೇಡಿ. ಅವು ಹುಳುವಿನೊಳಗೆ ಬೆಳೆದು ಹೊರಬಂದ ಪರಾವಲಂಬಿ ಕಣಜದ ಗೂಡುಗಳು; ಅವುಗಳಿಂದ ಹೊರಡುವ ಕಣಜಗಳು ಇನ್ನಷ್ಟು ಹುಳುಗಳನ್ನು ಹುಡುಕಿ ಮೊಟ್ಟೆಯಿಡುತ್ತವೆ.

ಮುಂದಿನ ಪೀಳಿಗೆಯನ್ನು ಮೊಟ್ಟೆಯಲ್ಲೇ ತಡೆಯಿರಿ. ವಾರಕ್ಕೆರಡು ಬಾರಿ ಎಲೆಗಳನ್ನು ಮಗುಚಿ ನೋಡಿ, ಹಳದಿ ಮೊಟ್ಟೆಗಳನ್ನಾಗಲಿ ಕಂದು ರೋಮದಿಂದ ಮುಚ್ಚಿದ ಮೊಟ್ಟೆಗಳ ಗುಂಪನ್ನಾಗಲಿ ಹೊಸಕಿಬಿಡಿ. ಮೊಟ್ಟೆಯೊಡೆದ ಮರಿಗಳು ಕಂಡರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಕುರ್ಸ್ತಾಕಿ (ಬಿ.ಟಿ.) ಎಂಬ, ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣವನ್ನು ಪೊಟ್ಟಣದ ಮೇಲೆ ತಿಳಿಸಿದ ಪ್ರಮಾಣದಲ್ಲಿ ಸಿಂಪಡಿಸಿ. ಇದು ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುವುದರಿಂದ ಎಲೆಯ ಎರಡೂ ಬದಿ ನೆನೆಯಬೇಕು. ತಿಂದ ಹುಳು ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸಿದರೂ ಸಾಯಲು ಎರಡು ಮೂರು ದಿನ ಹಿಡಿಯಬಹುದಾದ್ದರಿಂದ ಮರುದಿನವೇ ನಿರಾಶರಾಗಬೇಡಿ. ಬಿಸಿಲಿಗೆ ಬೇವೂ ಬಿ.ಟಿ.ಯೂ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಸಂಜೆ ಸಿಂಪಡಿಸಿ, ಮಳೆ ಬಂದರೆ ಮತ್ತೆ ಸಿಂಪಡಿಸಿ. ಬಿ.ಟಿ. ನಿರುಪದ್ರವಿ ಚಿಟ್ಟೆಗಳ ಮರಿಗಳನ್ನೂ ಕೊಲ್ಲುತ್ತದೆ. ಬಾಧೆಯಿರುವ ಗಿಡಗಳಿಗಷ್ಟೇ ಬಳಸಿ.

ಟೊಮೆಟೊ ಕಾಯಿಯೊಳಗೆ ಸೇರಿದ ಹುಳುವಿಗೆ ಯಾವ ಸಿಂಪಡಣೆಯೂ ತಲುಪುವುದಿಲ್ಲ. ಕೊರೆದ ಕಾಯಿಗಳನ್ನು ಕಿತ್ತು ನಾಶಪಡಿಸಿ, ಹೂ ಬಿಡುವ ಹಂತದಿಂದಲೇ ಮೊಟ್ಟೆ ಹುಡುಕಿ.

ಮುಂದಿನ ಬಾರಿ ಕೋಸಿನ ಸಸಿ ನೆಟ್ಟ ದಿನವೇ ಸಣ್ಣ ಕಣ್ಣಿನ ಬಲೆ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಮುಚ್ಚಿ. ಎಲೆಗಳು ಬಲೆಗೆ ತಾಗದಂತೆ ಕಮಾನು ಕಟ್ಟಿ, ಇಲ್ಲವಾದರೆ ಚಿಟ್ಟೆ ಹೊರಗಿನಿಂದಲೇ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಕೋಸಿನ ಗಡ್ಡೆ ಕಟ್ಟಲು ಪರಾಗಸ್ಪರ್ಶ ಬೇಕಿಲ್ಲವಾದ್ದರಿಂದ ಈ ಬಲೆಯನ್ನು ಕೊಯ್ಲಿನವರೆಗೂ ತೆಗೆಯಬೇಕಾಗಿಲ್ಲ.